ನಿಜ್ಮೆಯ ನಾಲ್ಕು ಮೊಳೆ

ಬೆತ್ಲೆಹೇಮಿನ ಚಿಪ್ಪು ಕೆತ್ತುವ ಗಂಡಸರಂಥ ಪುಕ್ಕಲರನ್ನು ನೀವು ಎಲ್ಲೂ ನೋಡಿರಲಿಕ್ಕಿಲ್ಲ. ಕೆಂಪು ಸಮುದ್ರದಿಂದ ಒಂಟೆಯ ಮೇಲೆ ಬಂದ ಮುತ್ತಿನ ಚಿಪ್ಪನ್ನು ಗರಗಸದಲ್ಲಿ ಸೀಳುತ್ತಾರೆ, ಉಜ್ಜುತ್ತಾರೆ, ಯೇಸುಸ್ವಾಮಿಯ ಪಕ್ಕೆಲುಬು ಒಂದೊಂದಾಗಿ ಎದ್ದು ಕಾಣುವ ಹಾಗೆ ಕೆತ್ತುತ್ತಾರೆ, ತಲೆಗೆ ಮುಳ್ಳಿನ ಕಿರೀಟವನ್ನೂ ಇಡುತ್ತಾರೆ. ಆದರೆ ಆ ಮೈಯನ್ನು ಆಲಿವ್ ಮರದ ಶಿಲುಬೆಯ ಮೇಲಿಟ್ಟು ಮೊಳೆ ಹೊಡೆಯುವ ಹೊತ್ತು ಬಂತು ಅನ್ನಿ, ಒಬ್ಬನಿಗೆ ಹೊರಗೆ ಹೋಗುವ ಅವಸರ, ಇನ್ನೊಬ್ಬನಿಗೆ ಕತ್ತೆಗೆ ನೀರು ಕುಡಿಸಿಲ್ಲ ಅನ್ನುವ ನೆನಪು. ಮೊಳೆ ಹೊಡೆದ ಕೈಗೆ ಪಾಪ ಅಂಟುತ್ತದಂತೆ, ಯೇಸುಸ್ವಾಮಿಗೆ ಮೊಳೆ ಹೊಡೆದ ರೋಮಿನ ಸಿಪಾಯಿಗಳಿಗೆ ಅಂಟಿದ ಅದೇ ಪಾಪ. ಅದಕ್ಕೇ ಆ ಕೆಲಸ ಮನೆಯ ಹಿರಿಯ ಹೆಂಗಸಿಗೆ. ಪಾಪವೂ ಮುಸುರೆ ಪಾತ್ರೆಯ ಹಾಗೆ, ತಿಕ್ಕೋಕೆ ಮನೆಯಲ್ಲಿ ಹೆಂಗಸರಿದ್ದಾರಲ್ಲ.

ಅಂದ್ರಾವುಸನ ಮನೆಯಲ್ಲಿ ಆ ಹೆಂಗಸು ಅವನ ತಾಯಿ ನಿಜ್ಮೆ. ಮದುವೆಯಾಗಿ ಬಂದವಳಿಗೆ ಅವಳ ಅತ್ತೆ ಒಂದು ಸಣ್ಣ ಸುತ್ತಿಗೆ ಕೊಟ್ಟಿದ್ದಳು, ಸುತ್ತಿಗೆಯ ಜೊತೆಗೆ ಒಂದು ಮಾತು ಹೇಳಿಕೊಟ್ಟಿದ್ದಳು. ಎರಡು ಕೈಗೆ ಎರಡು ಮೊಳೆ, ಎರಡು ಕಾಲಿಗೆ ಎರಡು ಮೊಳೆ. ಒಂದೊಂದು ಮೊಳೆಗೂ ಒಂದೊಂದು ಸಲ, ತುಟಿಯಾಚೆ ಕೇಳದ ಹಾಗೆ, ಆ ಮಾತು ಹೇಳಿ ಯೇಸುಸ್ವಾಮಿಯ ಕ್ಷಮೆ ಕೇಳಬೇಕು. ಏನು ಮಾತು ಅಂತ ನನ್ನನ್ನು ಕೇಳಬೇಡಿ. ನಾನೂ ಗಂಡಸು, ನಾನೂ ಅಂಗಳದಲ್ಲಿ ಕತ್ತೆಗೆ ನೀರು ಕುಡಿಸುತ್ತಿದ್ದವನೇ. ಕ್ಷಮೆ ಕೇಳದೆ ಹೊಡೆದ ಮೊಳೆ ಸತ್ತ ಮೇಲೆ ಹೊಡೆದವಳ ಅಂಗೈಗೇ ಬರುತ್ತದೆ ಅಂತ ಆ ಅತ್ತೆ ಹೆದರಿಸಿದ್ದಳಂತೆ. ನಿಜ್ಮೆ ತುರ್ಕಿ ಪಾಷಾನ ಕುದುರೆ ಸವಾರರಿಗೆ ಹೆದರಿದವಳಲ್ಲ, ಚೇಳನ್ನು ಚಪ್ಪಲಿಯಿಂದ ಬಡಿದು ಅದೇ ಚಪ್ಪಲಿ ಮೆಟ್ಟಿಕೊಂಡು ಹೋಗುವವಳು. ಇದೊಂದಕ್ಕೆ ಮಾತ್ರ ಹೆದರುತ್ತಿದ್ದಳು. ಗಂಡ ಸತ್ತ, ಹಲ್ಲು ಉದುರಿದವು, ಆದರೆ ಕೇಳದೆ ಹೊಡೆದ ಮೊಳೆ ಒಂದೂ ಇಲ್ಲ ಅನ್ನುವುದೇ ಅವಳ ಆಸ್ತಿ. ಆ ಆಸ್ತಿ ಹಿಡಿದುಕೊಂಡೇ ಮಣ್ಣಿಗೆ ಹೋಗಬೇಕು ಅಂತಿದ್ದಳು.

ಅಷ್ಟರಲ್ಲಿ ಊರಿನ ಗಾಳಿ ತಿರುಗಿತು. ಚಿಪ್ಪಿನ ಕೆಲಸವೆಲ್ಲ ಹಗ್ಗದ ಪಾದ್ರಿಗಳ ಕೈಗೆ ಹೋಯಿತು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಬಡತನವೇ ನಮ್ಮ ವ್ರತ ಅಂತ ಹೇಳಿಕೊಂಡು, ಊರಿನಲ್ಲೇ ಎತ್ತರದ ಗೋಡೆಯೊಳಗೆ ವಾಸ ಮಾಡುವ ಫರಂಗಿ ಸನ್ಯಾಸಿಗಳವರು. ಇಲ್ಲಿ ಕೆತ್ತಿದ ಶಿಲುಬೆ, ಜಪಮಾಲೆ ಎಲ್ಲವನ್ನೂ ಹತ್ತಿಯಲ್ಲಿ ಸುತ್ತಿ ಯಾಫಾ ಬಂದರಿಗೆ ಸಾಗಿಸುತ್ತಿದ್ದರು. ಅಲ್ಲಿಂದ ವೆನಿಸ್, ಅಲ್ಲಿಂದ ಸ್ಪೇನು. ಸಮುದ್ರದಾಚೆ ಹೊಸದಾಗಿ ಸಿಕ್ಕ ದೇಶಗಳಲ್ಲಿ ಬೆಳ್ಳಿ ಅಗೆಯುವ ಜನರನ್ನು ಹಿಡಿಹಿಡಿದು ತಲೆಗೆ ನೀರು ಹಾಕಿ ಕ್ರೈಸ್ತರನ್ನಾಗಿ ಮಾಡುತ್ತಿದ್ದಾರಂತೆ, ಅಷ್ಟು ಕುತ್ತಿಗೆಗೂ ಒಂದೊಂದು ಶಿಲುಬೆ ಬೇಕಲ್ಲ! ಬೇಡಿಕೆ ಅಂದರೆ ಅಂಥ ಬೇಡಿಕೆ. ಆದರೆ ಪಾದ್ರಿಗಳು ಕೆಲಸ ಕೊಡುತ್ತಿದ್ದುದು ತಮ್ಮ ಇಗರ್ಜಿಗೆ ಬಂದವರಿಗೆ ಮಾತ್ರ. ರೂಮ್ ಇಗರ್ಜಿಯಲ್ಲಿ, ಅಂದರೆ ಪೋಪನ್ನು ಒಪ್ಪದ ಗ್ರೀಕರ ಹಳೆಯ ಇಗರ್ಜಿಯಲ್ಲಿ, ಅಜ್ಜ ಮುತ್ತಜ್ಜನ ಕಾಲದಿಂದ ಮೊಣಕಾಲೂರಿದ್ದವರೆಲ್ಲ ಒಬ್ಬೊಬ್ಬರಾಗಿ ಪೋಪಿನ ಕಡೆ ಹೊರಟರು. ದೇವದೂತರು ಕನಸಿನಲ್ಲಿ ಬಂದು ಕರೆದರು ಅಂತ ಹೇಳಿಕೊಂಡವರೂ ಇದ್ದರು. ದೇವದೂತನ ಕೈಯಲ್ಲಿ ಚಿಪ್ಪಿನ ಮೂಟೆ ಇತ್ತೋ ಅಂತ ನಿಜ್ಮೆ ಕೇಳುತ್ತಿದ್ದಳು.

ಗಾಳಿ ಬಂದಾಗ ತೂರಿಕೊಳ್ಳಬೇಕು ಅಂತ ಅಂದ್ರಾವುಸನೂ ಹೋದ. ಫರಂಗಿ ಭಾಷೆ ಸ್ವಲ್ಪ ಕಲಿತಿದ್ದನಾದ್ದರಿಂದ ಪಾದ್ರಿಗಳಿಗೆ ಅವನೆಂದರೆ ಇಷ್ಟವೂ ಇತ್ತು. ಅವನ ಹೆಂಡತಿ ಹಿಲ್ವೆಗೆ ದೇವರ ವಿಷಯ ಹೇಗಾದರಿರಲಿ, ಅಡಿಗೆಮನೆಯ ವಿಷಯ ಚೆನ್ನಾಗಿ ಗೊತ್ತಿತ್ತು. ರೂಮಿನವರ ದೊಡ್ಡ ಉಪವಾಸದಲ್ಲಿ ಎಣ್ಣೆ ಕೂಡ ಮುಟ್ಟುವ ಹಾಗಿಲ್ಲ, ಪಾದ್ರಿಗಳ ಉಪವಾಸದಲ್ಲಿ ಉಪ್ಪು ಮೀನನ್ನು ಎಣ್ಣೆಯಲ್ಲಿ ಕರಿದು ತಿನ್ನಬಹುದು. ಹಾಗಾದರೆ ಅವರ ಹಬ್ಬ ಹೇಗಿರುತ್ತೆ ತಾಯಿ ಅಂತ ನಿಜ್ಮೆ ಬಾಯಿಮೇಲೆ ಕೈಯಿಟ್ಟಳು. ಮೇಲಾಗಿ ಪೋಪು ಪಂಚಾಂಗ ತಿದ್ದುತ್ತೇನೆ ಅಂತ ವರ್ಷದಿಂದ ಹತ್ತು ದಿನ ಎಗರಿಸಿದ್ದನಂತೆ. ಒಂದೇ ಮನೆಯಲ್ಲಿ ಮಗ ಸೊಸೆ ಕ್ರಿಸ್ತ ಹುಟ್ಟಿದ ಅಂತ ಕುರಿ ಕೊಯ್ದರೆ, ಅತ್ತೆಯ ಲೆಕ್ಕದಲ್ಲಿ ಮರಿಯಮಳಿಗೆ ಇನ್ನೂ ಹೆರಿಗೆ ನೋವೇ ಬಂದಿಲ್ಲ. "ಆ ಹತ್ತು ದಿನ ಯಾರ ಹೊಟ್ಟೆಗೆ ಹೋಯ್ತೇ?" ಅಂತ ಸೊಸೆಯನ್ನು ಚುಚ್ಚುತ್ತಿದ್ದಳು.

ನಿಜ್ಮೆ ಮಾತ್ರ ಅಲ್ಲಾಡಲಿಲ್ಲ. ರೂಮ್ ಇಗರ್ಜಿಯ ಗುರು ಖೂರಿ ತೂಮಾ, ಆರು ಮಕ್ಕಳ ತಂದೆ, ಹೊಕ್ಕುಳವರೆಗೆ ಗಡ್ಡ ಬಿಟ್ಟವನು, ಮನೆ ಬಾಗಿಲಿಗೆ ಬಂದು ಧರ್ಮ ಮಾರಿಕೊಂಡವರಿಗೆ ನರಕದಲ್ಲಿ ಏನೇನು ಕಾದಿದೆ ಅಂತ ಬೀದಿಗೆಲ್ಲ ಕೇಳುವ ಹಾಗೆ ಹೇಳಿದ. ಹೋಗುವಾಗ ಮೇಣದಬತ್ತಿಯ ಬೆಲೆ ಏರಿದೆ ಅಂತಲೂ ಹೇಳಿ ಹೋದ. ನಿಜ್ಮೆ ಅವನನ್ನೂ ಲೆಕ್ಕಕ್ಕಿಡಲಿಲ್ಲ, ಪಾದ್ರಿಗಳನ್ನೂ ಇಡಲಿಲ್ಲ. ಅವಳ ವ್ಯವಹಾರ ನೇರ ಯೇಸುಸ್ವಾಮಿಯ ಜೊತೆ. ಆದರೆ ಸೊಸೆಯ ಮೇಲಿನ ಸಿಟ್ಟಿಗೆ ಒಂದು ಕೆಲಸ ಮಾಡಿದಳು, ಅಲ್ಲ, ಮಾಡದೆ ಬಿಟ್ಟಳು. ಆ ಮಾತನ್ನು ಹಿಲ್ವೆಗೆ ಹೇಳಿಕೊಡಲಿಲ್ಲ. ಹಿಲ್ವೆ ಕೇಳಿದಾಗಲೆಲ್ಲ, ಉಪವಾಸದಲ್ಲಿ ಮೀನು ತಿಂದ ಬಾಯಿಗೆ ಆ ಮಾತು ಯಾಕೆ ಅಂತ ಅಂದು ಮುಖ ತಿರುಗಿಸಿದಳು.

ಒಂದು ದಿನ ಲಿಬೆರಾತೊ ಪಾದ್ರಿ ಮನೆಗೆ ಬಂದ. ಮಠದ ಕೊಂಡುಕೊಳ್ಳುವ ಕೆಲಸವೆಲ್ಲ ಅವನದೇ. ಸ್ಪೇನಿನ ಒಬ್ಬ ದೊಡ್ಡ ಮನೆತನದ ಹೆಂಗಸಿಗೆ ಅಂತ ಮೊಳದುದ್ದದ ಶಿಲುಬೆ ಮಾಡಲು ಹೇಳಿದ್ದ, ಯಾಫಾದಲ್ಲಿ ಹಡಗು ಕಾಯುತ್ತಿತ್ತು. ಬಂದು ನೋಡಿದರೆ ಗಂಡಸರೆಲ್ಲ ಅಂಗಳದಲ್ಲಿ. ಯಾಕೆ ಅಂತ ಕೇಳಿದ, ಅಂದ್ರಾವುಸ ತಲೆ ಕೆರೆಯುತ್ತಾ ಹೇಳಿದ. ಪಾದ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. ಇದೆಲ್ಲ ಅಜ್ಞಾನ, ಮೂಢನಂಬಿಕೆ, ಈಗ ನೀನು ನಿಜವಾದ ಇಗರ್ಜಿಗೆ ಸೇರಿದವನು, ನೀನೇ ಹೊಡಿ ಅಂದ. ಅಂದ್ರಾವುಸ ಸುತ್ತಿಗೆ ಹಿಡಿದ. ಮಣಿಕಟ್ಟು ಉಳುಕಿದೆ ಅಂದ. ಎಡಗೈಯಲ್ಲಿ ಹೊಡಿ ಅಂದರೆ, ಅದೂ ಉಳುಕಿದೆ ಅಂದ. ಪಾದ್ರಿ ಸುತ್ತಿಗೆ ಕಿತ್ತುಕೊಂಡು, ಸಾಸೇಜು ನೇತುಹಾಕೋಕೆ ಗೋಡೆಗೆ ಮೊಳೆ ಹೊಡೆಯುವವನ ಹಾಗೆ ಒಂದು ಬಿಟ್ಟ. ಯೇಸುಸ್ವಾಮಿಯ ಮೈ ಮೊಣಕಾಲಿನಿಂದ ಎದೆಯವರೆಗೆ ಸೀಳಿಹೋಯಿತು. ಇಡೀ ಚಳಿಗಾಲದ ಕೆಲಸ ಅದು.

ಮೂಲೆಯಲ್ಲಿ ಕೂತಿದ್ದ ನಿಜ್ಮೆ ಎದ್ದು ಬಂದು ಸುತ್ತಿಗೆ ಇಸಿದುಕೊಂಡಳು.

"ಪಾದ್ರಿಗಳೇ, ಕೊಲ್ಲೋಕೂ ಕೈ ಪಳಗಿರಬೇಕು" ಅಂದಳು.

ಪುಣ್ಯಕ್ಕೆ ಇನ್ನೊಂದು ಕೆತ್ತಿದ ಮೈ ಇತ್ತು. ಗಂಡಸರು ಹೊರಗೆ ಹೋದರು. ಪಾದ್ರಿ ಹೋಗಲಿಲ್ಲ, ಬಾಗಿಲ ಹತ್ತಿರವೇ ನಿಂತ. ಮುದುಕಿ ನೆಲದ ಮೇಲೆ ಕೂತು, ಶಿಲುಬೆಯನ್ನು ಮಗುವಿನ ಹಾಗೆ ಮಡಿಲಲ್ಲಿ ಮಲಗಿಸಿಕೊಂಡು, ಚಿಪ್ಪಿನ ಪುಟ್ಟ ಕೈ ಸವರಿ, ತುಟಿ ಅಲ್ಲಾಡಿಸಿ, ಟಕ್ ಅಂತ ಒಂದು ಮೊಳೆ. ಮತ್ತೆ ಸವರಿ, ಮತ್ತೆ ತುಟಿ, ಮತ್ತೆ ಟಕ್. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಪಾದ್ರಿಯ ಕಣ್ಣಲ್ಲಿ ನೀರು. ಆ ನೀರು ಸುಳ್ಳಲ್ಲ, ಸುಳ್ಳು ಹೇಳಬಾರದು. ಆದರೆ ಅದು ಒಣಗೋ ಮೊದಲೇ ಅವನ ತಲೆಯಲ್ಲಿ ವ್ಯಾಪಾರ ಎದ್ದು ಕೂತಿತ್ತು. ನಮ್ಮಲ್ಲಿ ಎರಡು ಪಾದಕ್ಕೂ ಸೇರಿಸಿ ಒಂದೇ ಮೊಳೆ, ಒಟ್ಟು ಮೂರು ಅಂತ ಒಂದು ಮಾತು ಅಂದ. ಒಂದು ಮೊಳೆ ಉಳಿಸಿ ಏನು ಕಟ್ಟಿಕೊಳ್ತೀರಿ ಅಂತ ನಿಜ್ಮೆ ಕೇಳಿದಳು. ಅವನು ಮತ್ತೆ ಆ ವಿಷಯ ಎತ್ತಲಿಲ್ಲ. ಕ್ರಿಸ್ತ ಹುಟ್ಟಿದ ಊರಿನ ಮುದುಕಿ ಅಳುತ್ತಾ ಹೊಡೆದ ಮೊಳೆ ಅಂದರೆ ನಾಲ್ಕೇನು, ನಲವತ್ತಿದ್ದರೂ ಸ್ಪೇನಿನವರು ಕೊಳ್ಳುತ್ತಾರೆ ಅಂತ ಅವನಿಗೆ ಹೊಳೆದಿತ್ತು.

ಮುಂದಿನ ಈಸ್ಟರಿಗೆ ಯಾತ್ರಿಕರ ಹಿಂಡೇ ಬಂತು, ಮುದುಕಿಯ ಕೈಯ ಶಿಲುಬೆ ಬೇಕು ಅಂತ. ಬರೀ ಶಿಲುಬೆಯಲ್ಲ, ಮೊಳೆ ಹೊಡೆಯುವುದನ್ನು ಕಣ್ಣಾರೆ ನೋಡಬೇಕಂತೆ. ಲಿಬೆರಾತೊ ಪಾದ್ರಿ ಅಂದ್ರಾವುಸನ ಕೆಲಸದ ಕೋಣೆಗೆ ಬೆಂಚು ಹಾಕಿಸಿದ, ಎರಡು ದೊಡ್ಡ ಮೇಣದಬತ್ತಿ ಹಚ್ಚಿಸಿದ. ಅಂದ್ರಾವುಸ ದುಭಾಷಿ. ನಿಜ್ಮೆ ಒಪ್ಪಲಿಲ್ಲ. ಮಗ ಕಾಲು ಹಿಡಿದ. ಮಾಡು ಸೋರುತ್ತಿದೆ, ಮೊಮ್ಮಗಳಿಗೆ ಮದುವೆ ವಯಸ್ಸು, ಪಾದ್ರಿ ಕೈಬಿಟ್ಟರೆ ರೂಮಿನವರೂ ಹತ್ತಿರ ಸೇರಿಸೋದಿಲ್ಲ, ಅತ್ತ ದರಿ ಇತ್ತ ಪುಲಿ ಆಗಿದೆ ನನ್ನ ಪಾಡು ಅಂತ ಗೋಗರೆದ. ಹೇಗೂ ಪಿಸುಗುಡುವುದು ತಾನೆ, ಅವರಿಗೇನು ಕೇಳುತ್ತೆ ಅಂದುಕೊಂಡು ಕೊನೆಗೆ ಒಪ್ಪಿದಳು.

ಅವಳು ಶಿಲುಬೆ ಮಡಿಲಿಗೆ ತೆಗೆದುಕೊಂಡು ತುಟಿ ಅಲ್ಲಾಡಿಸಿದಳೋ ಇಲ್ಲವೋ, ಪಾದ್ರಿ ಬಗ್ಗಿ ಅಂದ್ರಾವುಸನ ಕಿವಿಯಲ್ಲಿ ಏನೋ ಹೇಳಿದ.

"ಅಮ್ಮಾ, ಇನ್ನೂ ಸ್ವಲ್ಪ ಜೋರಾಗಿ ಹೇಳಬೇಕಂತೆ. ಅಷ್ಟು ದೂರದಿಂದ ಬಂದಿದ್ದಾರೆ, ಹಿಂದಿನ ಬೆಂಚಿಗೆ ಕೇಳಿಸ್ತಿಲ್ಲವಂತೆ."

ನಿಜ್ಮೆಗೆ ಮೈಯೆಲ್ಲ ಉರಿಯಿತು. ಗಂಡನಿಗೂ ಕೇಳಿಸದ ಮಾತನ್ನು ಹಿಂದಿನ ಬೆಂಚಿಗೆ ಕೂಗಿ ಹೇಳಬೇಕೆ? ಆ ಮಾತನ್ನು ಬಾಯೊಳಗೇ ಹಿಡಿದಿಟ್ಟುಕೊಂಡಳು. ಮೊದಲ ಮೊಳೆ ಇಟ್ಟು, ಗಟ್ಟಿಯಾಗಿ, ರಾಗವಾಗಿ ಹೇಳಿದಳು: "ಮಸೂರ ಒಲೆ ಮೇಲಿದೆ, ಈರುಳ್ಳಿ ಯಾರು ಹೆಚ್ಚುತ್ತಾರೋ!" ಟಕ್.

ಬೆಂಚಿನ ಮೇಲಿನವರೆಲ್ಲ ಅಂದ್ರಾವುಸನನ್ನೇ ನೋಡುತ್ತಿದ್ದರು. ಫರಂಗಿ ಭಾಷೆಯಲ್ಲಿ ಅವನು, ಓ ನನ್ನ ಒಡೆಯನೇ, ನಿನ್ನ ನೋವನ್ನು ಯಾರು ಹಂಚಿಕೊಳ್ಳುತ್ತಾರೆ ಎನ್ನುತ್ತಿದ್ದಾಳೆ ಅಂದ. ಒಬ್ಬಳು ಬಿಕ್ಕಿದಳು. ಎರಡನೇ ಮೊಳೆಗೆ ನಿಜ್ಮೆ, ಆ ಕೆಂಪು ಮೂಗಿನ ಡುಮ್ಮ ನಮ್ಮ ಬೆಂಚು ಮುರೀತಾನೆ ಅಂದಳು. ನನ್ನ ಪಾಪದ ಭಾರ ಹೊರಲಾರೆ ಎನ್ನುತ್ತಿದ್ದಾಳೆ ಅಂತ ಅಂದ್ರಾವುಸ. ಕೆಂಪು ಮೂಗಿನವನು ಎದೆ ಬಡಿದುಕೊಂಡು ಅತ್ತ. ಮೂರನೆಯದಕ್ಕೆ, ಈ ಪಾದ್ರಿ ಕಾಲು ತೊಳೆದು ಎಷ್ಟು ದಿನವಾಯ್ತೋ ಅಂದಳು. ನಿನ್ನ ಪಾದಗಳನ್ನು ಕಣ್ಣೀರಲ್ಲಿ ತೊಳೆಯುವೆ ಅಂತಾಯಿತು. ಲಿಬೆರಾತೊ ಪಾದ್ರಿಗೆ ಚೌಕಾಸಿ ಮಾಡುವಷ್ಟು ನಮ್ಮ ಅರಬ್ಬಿ ಚೆನ್ನಾಗಿಯೇ ಬರುತ್ತಿತ್ತು. ಅವತ್ತು ಅದೂ ಮರೆತುಹೋಗಿತ್ತು.

ಅವರೆಲ್ಲ ಮೂಗು ಒರೆಸಿಕೊಳ್ಳುತ್ತಾ ಹೋದ ಮೇಲೆ ಅತ್ತೆ ಸೊಸೆ ಇಬ್ಬರೂ ಅಡಿಗೆಮನೆಯಲ್ಲಿ ಬಿದ್ದು ಬಿದ್ದು ನಕ್ಕರು. ಮೀನು ತಿನ್ನಲು ಶುರುಮಾಡಿದಂದಿನಿಂದ ಆ ಇಬ್ಬರೂ ಒಟ್ಟಿಗೆ ನಕ್ಕಿದ್ದು ಅದೇ ಮೊದಲು. ಸಂಜೆ ನಿಜ್ಮೆ ಒಬ್ಬಳೇ ಕೂತು, ಆ ನಾಲ್ಕು ಮೊಳೆಗೂ ನಿಜವಾದ ಮಾತು ಹೇಳಿ ಕ್ಷಮೆ ಕೇಳಿಕೊಂಡಳು. ಮೊಳೆ ಹೊಡೆಯುವಾಗಲೇ ಕೇಳಬೇಕು ಅಂತ ಅತ್ತೆ ಹೇಳಿದ್ದಳಲ್ಲ ಅಂತ ಒಂದು ಅಳುಕು ಇತ್ತು. ಪರವಾಗಿಲ್ಲ, ಅವನಿಗೆ ಗೊತ್ತಾಗದೇನು, ಅವನೂ ನಮ್ಮೂರಲ್ಲೇ ಹುಟ್ಟಿದವನು ಅಂತ ಸಮಾಧಾನ ಮಾಡಿಕೊಂಡಳು.

ಯಾತ್ರಿಕರು ಬರುತ್ತಲೇ ಇದ್ದರು. ಸಂಜೆಯಾಗುವ ಹೊತ್ತಿಗೆ ಮುದುಕಿಗೆ ಸೊಂಟ ಬಿದ್ದುಹೋಗುತ್ತಿತ್ತು. ಇವತ್ತಿನ ಕ್ಷಮೆಯನ್ನೂ ಸೇರಿಸಿ ನಾಳೆ ಕೇಳಿದರಾಯಿತು ಅಂದುಕೊಳ್ಳುವಳು. ನಾಳೆ ವೆನಿಸ್ಸಿನವರು. ಭಾನುವಾರ ಒಟ್ಟಿಗೆ ಕೇಳಿಬಿಡೋಣ. ಯಾವ ಭಾನುವಾರ, ಪೋಪಿನದೋ ರೂಮಿನದೋ ಅಂತ ಹಿಲ್ವೆ ಕೀಟಲೆ ಮಾಡುತ್ತಿದ್ದಳು. ಮಾಡಿಗೆ ಹೊಸ ತೊಲೆ ಬಂತು, ಗೋಡೆಗೆ ಸುಣ್ಣ ಬಂತು, ಮೊಮ್ಮಗಳ ಮದುವೆಗೆ ದಮಾಸ್ಕಸ್ಸಿನ ರೇಷ್ಮೆ ಬಂತು. ಖೂರಿ ತೂಮಾ ಕೂಡ ಬಂದ. ನರಕದ ವಿಷಯ ಎತ್ತಲಿಲ್ಲ. ಎಷ್ಟಾದರೂ ನಿಜ್ಮೆ ನಮ್ಮ ಇಗರ್ಜಿಯವಳು, ನಾಲ್ಕು ಮೊಳೆ ನಮ್ಮ ಸಂಪ್ರದಾಯ, ನಮ್ಮ ಯಾತ್ರಿಕರನ್ನೂ ಒಂದು ಹೊತ್ತು ಕೂರಿಸಬಾರದೇ ಅಂತ ಗಡ್ಡ ಸವರಿದ. ಬೆಳಿಗ್ಗೆ ಫರಂಗಿಗಳು, ಮಧ್ಯಾಹ್ನ ರೂಮಿನವರು ಅಂತಾಯಿತು. ರೂಮಿನ ಯಾತ್ರಿಕರಲ್ಲಿ ಅರಬ್ಬಿ ಬರುವವರು ಇದ್ದಾರು ಅಂತ ಮೊದಮೊದಲು ಬಾಯಿ ಬಿಗಿ ಹಿಡಿದಳು. ಅವರೂ ಎಲ್ಲೆಲ್ಲಿಂದಲೋ ಬಂದವರು, ಒಬ್ಬರಿಗೂ ಬರುತ್ತಿರಲಿಲ್ಲ. ಅಲ್ಲಿಗೆ ಮಧ್ಯಾಹ್ನಕ್ಕೂ ಈರುಳ್ಳಿಯೇ.

ದ್ರಾಕ್ಷಿ ಕಾಲ ಮುಗಿಯುವಾಗ ನಿಜ್ಮೆಗೆ ಕೆಮ್ಮು ಹಿಡಿಯಿತು. ಕಷಾಯಕ್ಕೆ ಬಗ್ಗಲಿಲ್ಲ. ಕಾಲು ಊದಿಕೊಂಡಿತು. ಇದು ಹೋಗುವ ಕೆಮ್ಮಲ್ಲ, ಕರೆದುಕೊಂಡು ಹೋಗುವ ಕೆಮ್ಮು ಅಂತ ಅವಳಿಗೆ ತಿಳಿಯಿತು. ಒಂದು ಬೆಳಿಗ್ಗೆ, ಇವತ್ತು ಯಾರೂ ಬರಕೂಡದು ಅಂತ ಹೇಳಿ ಕೆಲಸದ ಕೋಣೆಯ ಬಾಗಿಲು ಹಾಕಿಸಿಕೊಂಡಳು. ಬೆಂಚನ್ನು ಗೋಡೆ ಕಡೆ ತಿರುಗಿಸಿದಳು. ಒಂದು ಸಾದಾ ಶಿಲುಬೆ ಮಡಿಲಿಗೆ ತೆಗೆದುಕೊಂಡಳು. ಒಂದು ಮೊಳೆಯನ್ನಾದರೂ ಅತ್ತೆ ಕಲಿಸಿದ ಹಾಗೆ ಹೊಡೆದು, ಉಳಿದದ್ದಕ್ಕೆಲ್ಲ ಸೇರಿಸಿ ಕೇಳಿಕೊಂಡು ಹೋಗಬೇಕು. ಪುಟ್ಟ ಕೈ ಸವರಿದಳು. ಮೊಳೆ ಇಟ್ಟಳು. ಬಾಯಿ ತೆರೆದಳು.

"ಮಸೂರ ಒಲೆ ಮೇಲಿದೆ" ಅಂತು ನಾಲಿಗೆ.

ಛೀ ಅಂತ ಬಾಯಿ ಮುಕ್ಕಳಿಸಿ ಬಂದು ಮತ್ತೆ ಕೂತಳು. ಮರಿಯಮಳ ಮಗನೇ ಅನ್ನುವವರೆಗೆ ಬಂತು. ಅದರ ಮುಂದೆ? ಅದರ ಮುಂದೆ ಕೆಂಪು ಮೂಗಿನ ಡುಮ್ಮ ಬಂದು ಕೂತ. ಕಣ್ಣು ಮುಚ್ಚಿಕೊಂಡು ಅತ್ತೆಯ ಮುಖ ನೆನಪು ಮಾಡಿಕೊಂಡಳು. ಮುಖ ಬಂತು, ತುಟಿ ಅಲ್ಲಾಡಿತು, ಮಾತು ಬರಲಿಲ್ಲ. ಹಗಲಿಡೀ ಕೂತಳು. ಸುತ್ತಿಗೆ ಹಿಡಿದರೆ ಸಾಕು, ಕೈಯ ಹಿಂದೆಯೇ ಓಡಿ ಬರುತ್ತಿದ್ದ ಮಾತು ಅದು. ಈಗ ಅದೇ ಸುತ್ತಿಗೆಯ ಹಿಂದೆ ಈರುಳ್ಳಿ, ಬೆಂಚು, ಪಾದ್ರಿಯ ಕಾಲು ಸಾಲಾಗಿ ಬರುತ್ತಿದ್ದವು. ನಿಜ್ಮೆಗೆ ಭಯವಾಯಿತು. ಜನ್ಮದಲ್ಲಿ ಅಷ್ಟು ಭಯ ಪಟ್ಟಿರಲಿಲ್ಲ.

ಹಿಲ್ವೆಯನ್ನು ಕೂಗಿ ಕರೆದಳು. ನಿನಗೆ ಗೊತ್ತಿದೆಯೇನೇ, ಯಾವಾಗಲಾದರೂ ಕದ್ದು ಕೇಳಿದ್ದೀಯೇನೇ ಅಂತ ಕೇಳಿದಳು. ಬೈಯೋದಿಲ್ಲ, ಹೇಳು ಅಂದಳು.

"ನೀವು ಹೇಳಿಕೊಡಲೇ ಇಲ್ಲವಲ್ಲ ಅತ್ತೆ" ಅಂದಳು ಹಿಲ್ವೆ. ಹಂಗಿಸಿ ಹೇಳಲಿಲ್ಲ, ಅದಕ್ಕೇ ಇನ್ನೂ ಚುಚ್ಚಿತು.

ಅಂದ್ರಾವುಸ ಬಂದ. ಅವನಿಗೂ ಗೊತ್ತಿರಲಿಲ್ಲ, ಎಲ್ಲಿಂದ ಗೊತ್ತಿರಬೇಕು? ಹುಟ್ಟಿದಾಗಿನಿಂದ ಅಂಗಳದಲ್ಲಿ ನಿಂತವನು. ಹಾಗಾದರೆ ದಿನಾ ಅವರಿಗೆ ಏನೋ ಹೇಳ್ತಿದ್ದೆಯಲ್ಲ, ಅದನ್ನೇ ಹೇಳು ಅಂದಳು ತಾಯಿ. ಅವನು ಶುರುಮಾಡಿದ. ಫರಂಗಿ ಭಾಷೆಯಲ್ಲಿ, ನೀರು ಹರಿದ ಹಾಗೆ. ನಮ್ಮ ಮಾತಲ್ಲಿ ಹೇಳೋ ಅಂದಳು. ನಮ್ಮ ಮಾತಲ್ಲಿ ಹೇಳಹೋದರೆ ಅವನಿಗೆ ನಾಚಿಕೆಯಾಯಿತು, ಎರಡು ಶಬ್ದ ತೊದಲಿ ನಿಲ್ಲಿಸಿದ. ದೇವರ ಹತ್ತಿರ ಅವನು ಅವನದೇ ಮಾತಲ್ಲಿ ಮಾತಾಡಿ ವರ್ಷಗಳಾಗಿದ್ದವು.

"ಇರಲಿ ಬಿಡು. ನಿನಗೆ ಬರೋದರಲ್ಲೇ ಹೇಳು, ನಾನು ಹೊಡೀತೀನಿ" ಅಂದಳು ನಿಜ್ಮೆ.

ಮಗ ತಾಯಿಯ ಪಕ್ಕದಲ್ಲಿ ಮೊಣಕಾಲೂರಿ, ಅವಳಿಗೆ ಒಂದಕ್ಷರವೂ ತಿಳಿಯದ ಭಾಷೆಯಲ್ಲಿ ಕ್ಷಮೆ ಕೇಳಿದ. ತಾಯಿ ಹೊಡೆದಳು. ಒಂದು. ಎರಡು. ಮೂರು. ನಾಲ್ಕು. ಇಬ್ಬರ ಕಣ್ಣಲ್ಲೂ ನೀರಿಳಿಯುತ್ತಿತ್ತು. ತಲೆಯೆತ್ತಿ ನೋಡಿದರೆ ಬಾಗಿಲು ತೆರೆದಿದೆ, ಲಿಬೆರಾತೊ ಪಾದ್ರಿ ನಿಂತಿದ್ದಾನೆ. ಇವತ್ತು ಯಾಕೆ ಯಾತ್ರಿಕರನ್ನು ವಾಪಸು ಕಳಿಸಿದಿರಿ ಅಂತ ಕೇಳಲು ಬಂದವನು, ಎಲ್ಲವನ್ನೂ ನೋಡಿದ್ದ. ಅವನೂ ಕಣ್ಣೊರೆಸಿಕೊಂಡ. ಆಮೇಲೆ ಅಂದ್ರಾವುಸನ ಭುಜದ ಮೇಲೆ ಕೈಯಿಟ್ಟು ಫರಂಗಿ ಭಾಷೆಯಲ್ಲಿ ಮೆಲ್ಲಗೆ ಹೇಳಿದ: ನಾಳೆ ಜೆನೋವಾದವರು ಬರುತ್ತಾರೆ, ಅವರ ಮುಂದೆಯೂ ಹೀಗೇ ಇಬ್ಬರೂ ಸೇರಿ ಮಾಡಿ, ಮೊದಲಿಗಿಂತ ಇದು ಎಷ್ಟೋ ಚೆನ್ನಾಗಿದೆ.

ಪಾದ್ರಿ ಹೋದ. ನಿಜ್ಮೆ ಮಗನ ತೋಳು ಹಿಡಿದುಕೊಂಡಳು.

"ಏನಂದರೋ ಅವರು?"

ಅಂದ್ರಾವುಸ ತಾಯಿಯ ಮಡಿಲಿಂದ ಸುತ್ತಿಗೆ ಎತ್ತಿ ಪಕ್ಕಕ್ಕಿಟ್ಟ.

"ಎಲ್ಲಾ ಮೊಳೆಗೂ ಕ್ಷಮೆ ಆಗಿದೆಯಂತೆ ಅಮ್ಮಾ" ಅಂದ.

ನಿಜ್ಮೆ ಅವನ ಮುಖವನ್ನೇ ನೋಡಿದಳು. ಈರುಳ್ಳಿಯನ್ನು ಕಣ್ಣೀರು ಮಾಡಿದ ಬಾಯಿ ಅದು, ಅವಳಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು?

"ನೀನು ಮಾತು ತಿರುಗಿಸೋದು ನನಗೆ ಗೊತ್ತಿಲ್ವೇನೋ" ಅಂದಳು. ತೋಳು ಬಿಡಲಿಲ್ಲ. "ಇನ್ನೊಂದು ಸಲ ಹೇಳು."